ಕಳ್ಳ ಕಿವುಡಿ

ಆಲಮೇಲದ ನಮ್ಮ ಮನೆಯಲ್ಲಿ ನನಗೊಂದು ಖಾಯಂ ಜಾಗವಿತ್ತು. ನಡುಮನೆಯ ಕಂಬದ ಬುಡ. ಅಲ್ಲಿ ಕೂತರೆ ಎಡಕ್ಕೆ ಪಡಸಾಲೆ, ಬಲಕ್ಕೆ ಅಡುಗೆಮನೆ, ಎದುರಿಗೆ ತಲೆಬಾಗಿಲು ಮೂರೂ ಕಾಣುತ್ತಿದ್ದವು. ಬೆನ್ನಿಗೆ ಕಂಬವಿದ್ದುದರಿಂದ ಹಿಂದಿನಿಂದ ಯಾರೂ ಬರುವಂತಿರಲಿಲ್ಲ. ಏಳೆಂಟು ವರ್ಷದ ಹುಡುಗಿಯರು ಕೂರುವ ಜಾಗವನ್ನು ಹೀಗೆ ಆರಿಸುವುದಿಲ್ಲ, ನಾನು ಆರಿಸುತ್ತಿದ್ದೆ. ಈಗಲೂ ಮದುವೆ ಮನೆಯ ಪಂಕ್ತಿಯಲ್ಲಿ ಗೋಡೆಗೆ ಬೆನ್ನು ಹಚ್ಚಿಯೇ ಕೂರುತ್ತೇನೆ. ಎದುರಿಗಿರುವವರ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತೇನೆ. ನನ್ನೊಡನೆ ಮೊದಲ ಸಲ ಮಾತಾಡುವವರು ಹಲ್ಲಿನಲ್ಲೇನೋ ಸಿಕ್ಕಿಕೊಂಡಿದೆಯೆಂದು ನಾಲಗೆ ಆಡಿಸಿಕೊಳ್ಳುತ್ತಾರೆ. ಆ ಚಟ ನನಗೆ ಹತ್ತಿದ್ದು ಆ ಕಂಬದ ಬುಡದಲ್ಲಿ.

ಮನೆಯಲ್ಲಿ ನಾವಿದ್ದದ್ದು ಐದು ಜನ. ಅಪ್ಪ ಊರಿನ ಕನ್ನಡ ಸಾಲಿಯ ಮಾಸ್ತರ. ಹೊಟ್ಟೆನೋವೆಂದು ಬಂದ ಹುಡುಗರ ಹೊಟ್ಟೆ ಅವನ ಒಂದೇ ನೋಟಕ್ಕೆ ವಾಸಿಯಾಗುತ್ತಿತ್ತು. ಮಕ್ಕಳೆಲ್ಲ ಹುಟ್ಟಾ ಸುಳ್ಳುಗಾರರು, ಮಾಸ್ತರನಾದವನ ಕೆಲಸ ಅದನ್ನು ಬಯಲಿಗೆಳೆಯುವುದು ಎಂಬುದು ಅವನ ಗಟ್ಟಿ ನಂಬಿಕೆ. ಅವ್ವ ಕೃಷ್ಣಾ ದಂಡೆಯ ತಂಗಡಗಿಯ ಕಡೆಯವಳು, ಏಳನೆಯ ಇಯತ್ತೆಯವರೆಗೆ ಓದಿದವಳು, ಮಾತು ಕಡಿಮೆ. ಅಪ್ಪನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಬಾಯಲ್ಲಿ ಹಲ್ಲಿಲ್ಲದಿದ್ದರೂ ಎಲೆ ಅಡಿಕೆ ಬಿಟ್ಟವಳಲ್ಲ, ಸಣ್ಣ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ದಿನವಿಡೀ ಬಾಯಾಡಿಸುತ್ತಿದ್ದಳು. ಅಪ್ಪನ ತಮ್ಮ, ಇನ್ನೂ ಮದುವೆಯಾಗದ ಕಾಕಾ, ಹೊಲ ನೋಡಿಕೊಳ್ಳುತ್ತಿದ್ದ. ಇವರ ನಡುವೆ ನಾನೊಬ್ಬಳೇ ಕೂಸು.

ನನ್ನ ಕಿವಿಯ ರಗಳೆ ಶುರುವಾದದ್ದು ನಾಲ್ಕನೆಯ ವರ್ಷದಲ್ಲಿ ಎಂದು ಅವ್ವ ಹೇಳುತ್ತಿದ್ದಳು. ನೆಗಡಿಯಾದರೆ ಸಾಕು, ಎರಡು ದಿನಕ್ಕೆ ಕಿವಿ ಸಿಡಿಯುತ್ತಿತ್ತು. ತಲೆ ಗೋಡೆಗೆ ಹಚ್ಚಿ ಅಳುತ್ತಿದ್ದೆ. ಆಯಿ ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಕರಿದು, ಉಗುರುಬೆಚ್ಚಗಾದ ಮೇಲೆ ಚಮಚೆಯಿಂದ ಎರಡು ಹನಿ ಬಿಡುತ್ತಿದ್ದಳು. ಮರುದಿನವೋ ಅದರ ಮರುದಿನವೋ ಕಿವಿ ಸೋರತೊಡಗುತ್ತಿತ್ತು. ಕೆಟ್ಟ ವಾಸನೆ. ಆದರೆ ಸೋರಿದ ಕೂಡಲೇ ನೋವು ಇಳಿಯುತ್ತಿತ್ತು, ಎಣ್ಣೆ ಗೆದ್ದಿತೆಂದು ಎಲ್ಲರೂ ನಿರಾಳರಾಗುತ್ತಿದ್ದರು. ಆಮೇಲೆ ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಹೇಳಲು ಗೊತ್ತಿರಲಿಲ್ಲ. ನಾಲ್ಕು ಪದರದ ಕೌದಿಯನ್ನು ತಲೆತುಂಬ ಹೊದ್ದು ಕೂತವರಿಗೆ ಹೊರಗಿನವರ ಮಾತು ಹೇಗೆ ಕೇಳುತ್ತದೋ ಹಾಗೆ ಕೇಳುತ್ತಿತ್ತು. ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎಲ್ಲರಿಗೂ ಹೀಗೆಯೇ ಎಂದುಕೊಂಡಿದ್ದೆ.

ಬೇಸಿಗೆಯಲ್ಲಿ ಆ ಕೌದಿ ತೆಳ್ಳಗಾಗುತ್ತಿತ್ತು. ಸಾಲಿ ಬಿಟ್ಟು, ಬಿಸಿಲು ಏರಿ, ನೆಗಡಿ ಹೋದಾಗ ಎರಡು ತಿಂಗಳು ಜೋರಾಗಿ ಆಡಿದ ಮಾತು ನನಗೆ ತಿಳಿಯುತ್ತಿತ್ತು, ನೋಡುವವರಿಗೆ ಎಲ್ಲರಂತೆ ಕಾಣುತ್ತಿದ್ದೆ. ಮಳೆ ಬಿದ್ದು ಸಾಲಿ ಶುರುವಾಗುತ್ತಲೇ ಮತ್ತೆ ಮೊದಲಿನಂತೆ. ಇದನ್ನು ಮೊದಲು ಹಿಡಿದವಳು ಆಯಿ.

“ಸೂಟಿಯೊಳಗ ಈಕಿ ಕಿವಿ ಚಲೋ ಇರ್ತಾವ ನೋಡ್ರಿ. ಸಾಲಿ ಸುರು ಆತಂದ್ರ ಕಿವುಡಿ. ಬ್ಯಾನಿ ಅಲ್ಲ ಇದು, ಕಳ್ಳಾಟ.”

ಅಪ್ಪನಿಗೆ ಇಷ್ಟು ಸಾಕಾಯಿತು. ಪರೀಕ್ಷೆಗಳು ಶುರುವಾದವು. ಪರೀಕ್ಷೆ ಮಾಡುವವನು ಕಾಕಾ. ನಾನು ಕಂಬ ಬಿಟ್ಟು ಪಡಸಾಲೆಯಲ್ಲಿ ಆಡುತ್ತ ಕೂತಾಗ ಹಿಂದಿನಿಂದ ಬಂದು ತಾಮ್ರದ ತಂಬಿಗೆಯನ್ನು ನೆಲದ ಪರಸಿಗಲ್ಲಿನ ಮೇಲೆ ಬಿಡುತ್ತಿದ್ದ. ಅಂಥ ಸದ್ದು ಕೌದಿಯೊಳಗೂ ಬರುತ್ತದೆ, ನಾನು ಬೆಚ್ಚಿ ತಿರುಗುತ್ತಿದ್ದೆ.

“ಸಿಕ್ಕಳು, ಸಿಕ್ಕಳು! ಕಳ್ಳ ಕಿವುಡಿ!”

ಆ ಹೆಸರು ಓಣಿಯವರೆಗೂ ಹೋಯಿತು. ಇನ್ನೊಂದು ಪರೀಕ್ಷೆ ಮೆತ್ತಗೆ ಮಾತಾಡುವುದು. ಎದುರಿಗೇ ನಿಂತು ದನಿ ತಗ್ಗಿಸಿ “ಬೆಲ್ಲಾ ತಿಂತಿಯೇನು?” ಎನ್ನುತ್ತಿದ್ದ. ನನಗೆ ದನಿಯ ಎಳೆಯೂ ಬರುತ್ತಿರಲಿಲ್ಲ, ಆದರೆ ಬಾಯಿ ನೋಡಿ ಮಾತು ಹಿಡಿಯುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಹೂಂ ಎಂದು ತಲೆ ಹಾಕುತ್ತಿದ್ದೆ. ಬೆಲ್ಲ ಸಿಗುತ್ತಿತ್ತು, ಅದರೊಟ್ಟಿಗೆ ನನ್ನ ಸುಳ್ಳಿಗೆ ಇನ್ನೊಂದು ಪುರಾವೆಯೂ ಅವರಿಗೆ ಸಿಗುತ್ತಿತ್ತು. ಇಷ್ಟು ಸಲ ಸಿಕ್ಕಿಬಿದ್ದ ಮೇಲೆ ನನಗೇ ಗೊಂದಲವಾಗತೊಡಗಿತು. ನಿಜವಾಗಿಯೂ ಕೇಳುತ್ತದೋ ಏನೋ, ನಾನೇ ಬೇಕಂತ ಕೇಳಿಸಿಕೊಳ್ಳುವುದಿಲ್ಲವೋ ಏನೋ.

ಅವರು ನನ್ನ ಮೇಲೆ ಅನುಮಾನಪಟ್ಟರೆ ನಾನು ಅವರೆಲ್ಲರ ಮೇಲೆ ಪಡುತ್ತಿದ್ದೆ. ಮುಖ ಆ ಕಡೆ ಮಾಡಿ ಯಾರು ಮಾತಾಡಿದರೂ ಅದು ನನ್ನ ಬಗ್ಗೆಯೇ. ಕಟ್ಟೆಯ ಮೇಲೆ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರೆ ನನ್ನನ್ನು ನೋಡಿಯೇ. ಕಾಕಾ ಮೀಸೆ ಬಿಟ್ಟದ್ದು ತುಟಿ ಮುಚ್ಚಿಕೊಳ್ಳಲಿಕ್ಕೆ ಎಂದು ಎಷ್ಟೋ ದಿನ ನಂಬಿದ್ದೆ. ಎಲ್ಲಕ್ಕಿಂತ ಹೆಚ್ಚು ಅನುಮಾನ ಆಯಿಯ ಮೇಲೆ. ಅವಳು ಎಲೆ ಅಡಿಕೆ ಅಗಿಯುತ್ತಲೇ ಏನೋ ಗುಣುಗುಣು ಅನ್ನುತ್ತಿದ್ದಳು. ಅಗಿಯುವುದು ಯಾವುದು, ಮಾತು ಯಾವುದು ಎಂದು ಎಷ್ಟು ನೋಡಿದರೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯಬಾರದೆಂದೇ ಮುದುಕಿ ಬಾಯಾಡಿಸುತ್ತಾಳೆಂದು ಹಲ್ಲು ಕಡಿಯುತ್ತಿದ್ದೆ. ಊಟಕ್ಕೆ ಕೂತಾಗ ಎಲ್ಲರ ಬಾಯಲ್ಲೂ ರೊಟ್ಟಿ ಇರುತ್ತಿತ್ತು, ಯಾರ ಮಾತೂ ನನಗೆ ದಕ್ಕುತ್ತಿರಲಿಲ್ಲ. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಎಲ್ಲ ಇರುವ ತಾಟಿನ ಮುಂದೆ ನಾನು ಸಿಟ್ಟಿನಿಂದ ಉರಿಯುತ್ತ ಕೂರುತ್ತಿದ್ದೆ. ಯಾಕೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೂರನೆಯ ಇಯತ್ತೆಗೆ ಬಂದಾಗ ನಮ್ಮ ವರ್ಗಕ್ಕೆ ಅಪ್ಪನೇ ಮಾಸ್ತರನಾಗಿ ಬಂದ. ಮಳೆಗಾಲದ ಒಂದು ದಿನ ಉಕ್ತಲೇಖನ ಬರೆಸಿದ. ಅಪ್ಪನಿಗೆ ಹುಡುಗರು ನಕಲು ಮಾಡುವುದನ್ನು ಹಿಡಿಯುವ ಹುಚ್ಚು, ಆದ್ದರಿಂದ ಸಾಲುಗಳ ಹಿಂದೆ ತಿರುಗಾಡುತ್ತ ಶಬ್ದ ಹೇಳುತ್ತಿದ್ದ. ನನಗೆ ಅವನ ಬಾಯಿ ಕಾಣಲಿಲ್ಲ. ಬಂದಷ್ಟು ದನಿಯನ್ನು ಹಿಡಿದು ಊಹಿಸಿ ಪಾಟಿಯ ಮೇಲೆ ಬಳಪದಿಂದ ಬರೆದೆ. ಪಾಟಿ ನೋಡಿದ ಅಪ್ಪ ಅದನ್ನು ಕೈಗೆತ್ತಿಕೊಂಡ. ಆಮೇಲೆ ಇಡೀ ವರ್ಗಕ್ಕೆ ಓದಿ ಹೇಳಿದ. ಅವನು ಸಕ್ಕರೆ ಎಂದದ್ದು ನನ್ನಲ್ಲಿ ಅಕ್ಕರೆಯಾಗಿತ್ತು. ಸಂತೆ ಅಂತೆಯಾಗಿತ್ತು. ಸಾಲು ಹಾಲಾಗಿತ್ತು. ಹುಡುಗರು ಬೆಂಚು ಬಡಿದು ನಕ್ಕರು. ಸ್ವಂತ ಮಗಳು ಎಲ್ಲರ ಮುಂದೆ ತನ್ನನ್ನು ಚೇಷ್ಟೆ ಮಾಡಿದಳೆಂದು ಅಪ್ಪನಿಗೆ ಅನಿಸಿತು. ಸಾಲಿ ಬಿಡುವವರೆಗೆ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ. ನಾನು ಪಾಟಿ ಒರೆಸದೆ ಹಾಗೇ ಎದೆಗವಚಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಅಪ್ಪ ನಡೆದದ್ದನ್ನು ಹೇಳಿದ, ಆಯಿ ನಾನು ಹೇಳಿರಲಿಲ್ಲವೇ ಎಂಬಂತೆ ಬಾಯಾಡಿಸಿದಳು. ಅವ್ವ ಪಾಟಿಯನ್ನು ಒಲೆಯ ಮುಂದೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳನ್ನು ಒಂದೊಂದು ಶಬ್ದದ ಮೊದಲ ಅಕ್ಷರದ ಮೇಲೆ ಇಡುತ್ತ ಬಂದಳು. ಅವಳ ತುಟಿ ಮಾತ್ರ ಕಂಡೆ. “ಸ... ಸ... ಸ...” ಅನ್ನುತ್ತಿದ್ದಳು. ಪಾಟಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

ಅದಾದ ಎರಡು ವಾರಕ್ಕೆ ತಂಗಡಗಿಯಲ್ಲಿ ಅವ್ವನ ತಂಗಿಯ ಕುಬಸವಿತ್ತು, ಬಸುರಿಗೆ ಉಡಿ ತುಂಬುವ ಕಾರ್ಯ. ಅವ್ವ ಎರಡು ದಿನ ಮೊದಲೇ ಹೋಗಬೇಕೆಂದು ಹಟ ಹಿಡಿದಳು. ಸಿಂದಗಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಮುದ್ದೇಬಿಹಾಳದ ಹಾದಿ ಹಿಡಿಯಬೇಕಾದವಳು ಬಸವನ ಬಾಗೇವಾಡಿಯಲ್ಲಿ ನನ್ನ ರಟ್ಟೆ ಹಿಡಿದು ಇಳಿಸಿದಳು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ದವಾಖಾನೆ. ವಾರಕ್ಕೊಂದು ದಿನ ವಿಜಾಪುರದಿಂದ ಕಿವಿಯ ಡಾಕ್ಟರು ಬರುತ್ತಾರೆಂದು ಅವಳಿಗೆ ಯಾರು ಹೇಳಿದ್ದರೋ. ಆ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ರಬ್ಬರಿನ ಚೆಂಡು ಒತ್ತಿ ಗಾಳಿ ಊದಿದರು. ಆಮೇಲೆ ಅವ್ವನ ಕಡೆ ತಿರುಗಿ, ನನಗೆ ಬೆನ್ನು ಮಾಡಿ, ಬಹಳ ಹೊತ್ತು ಏನೇನೋ ಹೇಳಿದರು. ಅವ್ವನ ಮುಖ ಸಣ್ಣದಾಗುತ್ತ ಹೋದದ್ದು ಕಂಡೆ. ನನ್ನ ಕಿವಿ ಕೊಯ್ಯುತ್ತಾರೆಂದು ಖಾತ್ರಿಯಾಯಿತು. ಅದಕ್ಕೇ ಯಾರಿಗೂ ಹೇಳದೆ ಕರೆತಂದಿದ್ದಾಳೆ ಎಂದುಕೊಂಡೆ. ಉಳಿದ ಹಾದಿಯುದ್ದಕ್ಕೂ ಬಸ್ಸಿನಲ್ಲಿ ಅವ್ವನಿಗೆ ತಾಗದಂತೆ ಸರಿದು ಕೂತಿದ್ದೆ.

ಆಲಮೇಲಕ್ಕೆ ಮರಳಿದ ದಿನ ಅವ್ವ ಎಲ್ಲವನ್ನೂ ಅಪ್ಪನ ಮುಂದಿಟ್ಟಳು. ಅಂದಿನ ಜಗಳವನ್ನು ಕಂಬದ ಬುಡದಿಂದ ನೋಡಿದೆ. ಇಬ್ಬರೂ ಒದರಾಡುತ್ತಿದ್ದುದರಿಂದ ಅರ್ಧ ಕೇಳಿಸಿತು, ಇನ್ನರ್ಧ ಕಣ್ಣಿಗೆ ಸಿಕ್ಕಿತು.

“ನನಗ ಕೇಳದ ದವಾಖಾನಿಗೆ ಹ್ವಾದಿಯೇನು?”

“ಕೇಳಿದ್ರ ಹೋಗು ಅಂತಿದ್ರೇನ್ರಿ? ಕಿವಿ ಪಡದೆ ಹಿಂದ ಅಂಟಿನಂಥ ನೀರ ತುಂಬೈತಂತ. ಮೂರ್ನಾಕ್ ವರ್ಷದಿಂದ ಐತಿ. ಪಡದೆಗೆ ತೂತ ಮಾಡಿ ಸಣ್ಣ ನಳಿಗಿ ಕುಂದರಸ್ತಾರಂತ. ಒಳಗ ಗಾಳಿ ಆಡಿದ್ರ ಕೇಳಸ್ತೈತಂತ. ವರ್ಷೊಪ್ಪತ್ತಿಗೆ ನಳಿಗಿ ತಾನ ಉದುರತೈತಿ ಅಂದ್ರು.”

ಆಯಿ ಕುಟ್ಟಾಣಿ ಕೆಳಗಿಟ್ಟಳು.

“ಡಾಕ್ಟರ ಅಂದಮ್ಯಾಲ ಕೊಯ್ಯೂದ ಹೇಳತಾನ, ಮತ್ತೇನ್ ಹೇಳ್ತಾನ? ಇದ್ದ ಪಡದೆಗೆ ತೂತ ಹಾಕಿದ್ರ ಕೇಳಸ್ತೈತಂತ! ನಾಳೆ ಈ ಹುಡುಗಿನ್ನ ಯಾರ್ ಮಾಡ್ಕೋತಾರ?”

ಅಪ್ಪ ನಾಲ್ಕು ದಿನ ಅವ್ವನೊಡನೆ ಮಾತು ಬಿಟ್ಟ. ಐದನೆಯ ದಿನ ಮುಂಜಾನೆ ಚಹಾ ಕುಡಿಯುತ್ತ, ನನ್ನನ್ನೇ ನೋಡುತ್ತ ಹೇಳಿದ.

“ವಿಜಾಪುರದಾಗ ಕಿವಿ ಪರೀಕ್ಷಾ ಮಾಡೂ ಮಷೀನ್ ಐತಿ. ನಾನ ಕರ್ಕೊಂಡ್ ಹೋಗ್ತೇನಿ. ಮಷೀನ್ ಮುಂದ ಆಟ ನಡಿಯೂದಿಲ್ಲ.”

ಆ ಮಾತನ್ನು ನನಗೆ ತಿಳಿಯುವಂತೆ ಬಿಡಿಸಿ ಹೇಳಿದ್ದ. ನಾನೂ ಒಂದು ನಿರ್ಧಾರ ಮಾಡಿದೆ. ಮಷೀನು ನನ್ನನ್ನು ಕಿವುಡಿ ಎಂದರೆ ಕಿವಿ ಕೊಯ್ಯುತ್ತಾರೆ, ಊರೆಲ್ಲ ಕಿವುಡಿ ಎನ್ನುತ್ತದೆ. ಹೇಗಾದರೂ ಪಾಸಾಗಬೇಕು.

ವಿಜಾಪುರದ ಆ ದವಾಖಾನೆಯಲ್ಲಿ ದಪ್ಪ ಗೋಡೆಯ ಒಂದು ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಎದುರಿಗೆ ಗಾಜಿನ ಕಿಟಕಿ. ಅದರಾಚೆ ಮಷೀನಿನ ಮುಂದೆ ಬಿಳಿ ಕೋಟಿನ ಹರೆಯದ ಹೆಣ್ಣುಮಗಳು, ಅವಳ ಹಿಂದೆ ಕೈಕಟ್ಟಿ ನಿಂತ ಅಪ್ಪ. ಆ ಅಕ್ಕ ಮೊದಲು ಒಳಗೆ ಬಂದು ನನ್ನ ತಲೆಗೆ ಹೆಡ್‌ಫೋನು ಹಾಕಿ, ಕೂಂಯ್ ಎಂದು ಸದ್ದು ಬಂದಾಗಲೆಲ್ಲ ಕೈ ಎತ್ತಬೇಕೆಂದು ಸನ್ನೆ ಮಾಡಿ ತೋರಿಸಿದಳು. ಪರೀಕ್ಷೆ ಶುರುವಾಯಿತು. ಸದ್ದಿಗಾಗಿ ಕಾಯಲಿಲ್ಲ, ಅವಳನ್ನು ನೋಡತೊಡಗಿದೆ. ಗುಂಡಿ ಒತ್ತುವಾಗ ಅವಳ ಬಲಗಡೆಯ ಭುಜ ಕೂದಲೆಳೆಯಷ್ಟು ಏಳುತ್ತಿತ್ತು. ಎದ್ದಾಗಲೆಲ್ಲ ಕೈ ಎತ್ತಿದೆ. ಏಳು ಸಲವೋ ಎಂಟು ಸಲವೋ ತಪ್ಪದೆ ಎತ್ತಿದೆ. ಅಪ್ಪನ ಮುಖದಲ್ಲಿ ಗೆದ್ದವನ ನಗೆ ಬಂತು. ನನಗೂ ಹಿಗ್ಗಾಯಿತು.

ಆಕೆ ಗುಂಡಿಯಿಂದ ಕೈ ತೆಗೆದಳು. ಹಿಂದೆ ತಿರುಗಿ ಅಪ್ಪನಿಗೆ ಏನೋ ತೋರಿಸಿದಳು. ಅವಳ ಮೈ ಮರೆಯಾಗಿ ನನಗೆ ಕಾಣಲಿಲ್ಲ, ಮಷೀನಿನ ವಯರನ್ನೇ ಕಿತ್ತಿದ್ದಳೆಂದು ಆಮೇಲೆ ಅಪ್ಪನಿಂದ ತಿಳಿಯಿತು. ಮತ್ತೆ ಭುಜ ಎದ್ದಿತು. ನಾನು ಕೈ ಎತ್ತಿದೆ. ಮತ್ತೆ ಎದ್ದಿತು, ಮತ್ತೆ ಎತ್ತಿದೆ. ಅಪ್ಪನ ನಗೆ ಹೋಯಿತು. ಆಕೆ ಒಳಗೆ ಬಂದು ನನ್ನ ಕೆನ್ನೆ ಸವರಿ, ಕುರ್ಚಿಯನ್ನು ಎತ್ತಿ ಗೋಡೆಯ ಕಡೆಗೆ ತಿರುಗಿಸಿಬಿಟ್ಟಳು.

ಎದುರಿಗೆ ಹಸಿರು ಬಣ್ಣದ ಗೋಡೆ ಬಿಟ್ಟರೆ ಏನೂ ಇಲ್ಲ. ಕಾದೆ. ಎರಡು ಮೂರು ಸಲ ದೂರದಲ್ಲಿ ಎಮ್ಮೆ ಒರಲಿದಂಥ ಸದ್ದು ಬಂತು, ಕೈ ಎತ್ತಿದೆ. ಮತ್ತೆ ಮೌನ. ಆಕೆ ಇನ್ನೂ ಶುರು ಮಾಡಿಲ್ಲವೆಂದುಕೊಂಡೆ. ಬಾಗಿಲು ತೆಗೆದು ಬೆಳಕು ಬಿದ್ದಾಗ ಪರೀಕ್ಷೆ ಮುಗಿದೇ ಹೋಗಿತ್ತು. ಆಕೆ ಅಂದು ಅಪ್ಪನಿಗೆ ಹೇಳಿದ ಮಾತನ್ನು ನಾನು ಕೇಳಲಿಲ್ಲ. ಅಪ್ಪನೇ ಆಮೇಲೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ.

“ಮಾಸ್ತರ್ರ, ನಿಮ್ಮ ಹುಡುಗಿ ಸುಳ್ಳ ಹೇಳತಾಳ ಅನ್ನೂದ ಖರೇ ಐತ್ರಿ. ಆದ್ರ ಕೇಳಸೂದಿಲ್ಲಂತ ಅಲ್ರಿ. ಕೇಳಸ್ತೈತಂತ ಸುಳ್ಳ ಹೇಳಾಕತ್ತಾಳ.”

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ ಅಪ್ಪ ಕುಕ್ಕರಗಾಲಿನಲ್ಲಿ ಕೂತ. ಅವನ ಮುಖ ನನ್ನ ಮುಖಕ್ಕೆ ಸಮನಾಗಿ ಬಂದದ್ದು ಅದೇ ಮೊದಲು. ಒಂದೊಂದೇ ಅಕ್ಷರ ಬಿಡಿಸಿ ಕೇಳಿದ.

“ಸುಮಿ, ಅವತ್ತ ನಾ ಬರಸಿದ್ದು ನಿನಗ ಖರೇನ ಕೇಳಿಸಿದ್ದಿಲ್ಲೇನು?”

ಇದೂ ಒಂದು ಪರೀಕ್ಷೆ ಎಂದು ನನಗೆ ಅನಿಸಿತು.

“ಕೇಳಿಸಿತ್ತು,” ಎಂದೆ.

ಅಪ್ಪ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ನಳಿಗೆ ಹಾಕಿದ್ದು ಅದೇ ತಿಂಗಳು. ಮೂಗಿಗೆ ಏನೋ ಹಿಡಿದರು, ನಿದ್ದೆ ಬಂತು, ಎದ್ದಾಗ ಕಿವಿಯಲ್ಲಿ ಹತ್ತಿ ಇತ್ತು. ಹತ್ತಿ ತೆಗೆದ ಕೂಡಲೇ ಯಾರೋ ನನ್ನ ತಲೆಯೊಳಗೇ ಬಳೆ ಆಡಿಸಿದಂತಾಯಿತು. ಅವ್ವ ನನ್ನ ಹಣೆಯ ಕೂದಲು ಸರಿಸುತ್ತಿದ್ದಳು ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಹಾರ್ನು ಹೊಡೆದಾಗ ನೆಲಕ್ಕೆ ಕೂತು ಕಿವಿ ಮುಚ್ಚಿಕೊಂಡೆ. ಆಲಮೇಲದ ಮನೆಯಲ್ಲಂತೂ ಗದ್ದಲವೋ ಗದ್ದಲ. ಅವ್ವ ರೊಟ್ಟಿ ಬಡಿಯುವ ಸದ್ದು ಇಷ್ಟು ದೊಡ್ಡದಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಯಿಗೆ ಮಾತ್ರ ನಂಬಿಕೆಯಿಲ್ಲ. ಹೊರಗೆ ಕಾಣದ ನಳಿಗೆಯನ್ನು ಹಾಕಿದ್ದಾರೋ ಇಲ್ಲವೋ ಯಾರಿಗೆ ಗೊತ್ತು ಎಂದು ಕಾಕಾನ ಕೈಯಲ್ಲಿ ಬ್ಯಾಟರಿ ಹಿಡಿಸಿ ನನ್ನ ಕಿವಿಯೊಳಗೆ ನೋಡಿಸಿದಳು. ಏನೋ ನೀಲಿ ಕಾಣುತ್ತದೆಂದು ಅವನು ಹೇಳಿದ ಮೇಲೂ ಮುಖ ಕಿವುಚಿದಳು. ಮರುವಾರ ಚಮಚೆಯಲ್ಲಿ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ತಂದಳು. ಅವ್ವ ಬೇಡವೆಂದಳು, ಆಯಿ ಕೇಳಲಿಲ್ಲ. ತಾಯಿಗೆ ಎಂದೂ ಎದುರಾಡದ ಅಪ್ಪ ಪಡಸಾಲೆಯಿಂದ ಎದ್ದು ಬಂದು ಆ ಚಮಚೆಯನ್ನು ಅವಳ ಕೈಯಿಂದ ತೆಗೆದುಕೊಂಡು ಒಲೆಗೆ ಸುರಿದ.

“ಸಾಕವ್ವಾ. ಈಕಿ ಕಿವಿಗೆ ಇನ್ನ ಯಾರೂ ಕೈ ಹಚ್ಚಬ್ಯಾಡ್ರಿ.”

ಎಷ್ಟು ಕೇಳುತ್ತದೆಂದು ಎಲ್ಲರೂ ಕೇಳುತ್ತಿದ್ದರು. ನಾನು ಸ್ವಲ್ಪ ಎನ್ನುತ್ತಿದ್ದೆ. ಅದು ಸುಳ್ಳು. ನನಗೆ ಪೂರಾ ಕೇಳುತ್ತಿತ್ತು. ಹೇಳಿಬಿಟ್ಟರೆ ಎಲ್ಲರೂ ಹುಷಾರಾಗುತ್ತಾರೆ, ಇಷ್ಟು ವರ್ಷ ನನ್ನ ಬಗ್ಗೆ ಏನು ಮಾತಾಡಿಕೊಂಡರೆಂದು ತಿಳಿಯುವುದೇ ಇಲ್ಲ ಎಂಬ ಲೆಕ್ಕಾಚಾರ. ಹೀಗೆ ಅವರು ಇಟ್ಟ ಹೆಸರಿಗೆ ಕಡೆಗೂ ತಕ್ಕವಳಾದೆ. ಕಂಬದ ಬುಡದಲ್ಲಿ ಮಂಕಾಗಿ ಕೂತು ಕೇಳತೊಡಗಿದೆ. ಅಪ್ಪ ಮತ್ತು ಕಾಕಾ ತಲೆ ಕೂಡಿಸಿ ತೊಗರಿಯ ಬೀಜದ ಬಗ್ಗೆ ಮಾತಾಡಿದರು. ಕಟ್ಟೆಯ ಹೆಂಗಸರು ಸೆರಗು ಮುಚ್ಚಿಕೊಂಡು ಯಾರದೋ ಸೊಸೆಯ ಸುದ್ದಿ ಹೇಳಿ ನಕ್ಕರು. ಆಯಿಯ ಗುಣುಗುಣು ಹತ್ತಿರ ಹೋಗಿ ಕೇಳಿದರೆ “ಶಿವನ, ಶಿವನ” ಎಂಬುದಷ್ಟೇ. ವಾರಗಟ್ಟಲೆ ಕೇಳಿದರೂ ನನ್ನ ಹೆಸರು ಬಂದದ್ದು ಊಟಕ್ಕೆ ಕರೆಯುವಾಗ ಮಾತ್ರ. ನನಗೆ ಸಮಾಧಾನವಾಗಲಿಲ್ಲ. ನನಗೆ ಕೇಳುತ್ತದೆಂದು ಇವರಿಗೆ ಹೇಗೋ ಗೊತ್ತಾಗಿದೆ, ಅದಕ್ಕೇ ಮಾತು ಬದಲಿಸಿದ್ದಾರೆ ಎಂದುಕೊಂಡೆ.

ಚಳಿಗಾಲದಲ್ಲಿ ತಂಗಡಗಿಗೆ ಹೋದೆವು. ಚಿಕ್ಕವ್ವನಿಗೆ ಗಂಡು ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿದಿತ್ತು. ಉಂಡ ಜನರೆಲ್ಲ ಹೋದ ಮೇಲೆ ಮಧ್ಯಾಹ್ನ ಅವ್ವ ಮತ್ತು ಚಿಕ್ಕವ್ವ ಒಳಕೋಣೆಯಲ್ಲಿ ಅರಿವೆ ಮಡಿಚುತ್ತ ಕೂತಿದ್ದರು. ನಾನು ಅವರಿಗೆ ಬೆನ್ನು ಮಾಡಿ ತೊಟ್ಟಿಲು ತೂಗುತ್ತಿದ್ದೆ.

“ಮನಿ ಮಂದಿಯೆಲ್ಲಾ ಕಳ್ಳಿ ಅಂದ್ರೂ ನೀ ಒಬ್ಬಾಕಿ ಈಕಿನ್ನ ನಂಬಿದೆಲ್ಲಕ್ಕಾ,” ಎಂದಳು ಚಿಕ್ಕವ್ವ.

“ಎಲ್ಲಿ ನಂಬಿದ್ದೆವಾ. ನನಗೂ ಅನುಮಾನ ಇತ್ತು. ಬಾಗೇವಾಡ್ಯಾಗ ಬಸ್ಸ ಇಳದಾಗೂ ಇತ್ತು.”

ನನ್ನ ಕೈ ನಿಂತಿತು. ತೊಟ್ಟಿಲು ನಿಂತದ್ದು ಅವ್ವನಿಗೆ ಕಂಡಿರಬೇಕು. ಚಿಕ್ಕವ್ವ ಚಹಾಕ್ಕಿಡಲು ಎದ್ದು ಹೋದಳು. ಅವ್ವ ದನಿ ಏರಿಸಲಿಲ್ಲ, ಅರಿವೆ ಮಡಿಚುತ್ತಲೇ ನನ್ನ ಬೆನ್ನಿಗೆ ಕೇಳಿದಳು.

“ಎಷ್ಟ್ ದಿನಾ ಆತು ಹಿಂಗ ಕೇಳಸಾಕತ್ತು?”

ತಿರುಗಲಿಲ್ಲ. “ದವಾಖಾನ್ಯಾಗಿಂದ,” ಎಂದೆ.

“ಹೂಂ.”

“ನೀನೂ ನನ್ನ ನಂಬಿದ್ದಿಲ್ಲೇನವ್ವಾ?”

“ಇಲ್ಲ.”

“ಮತ್ತ್ಯಾಕ ಕರ್ಕೊಂಡ್ ಹ್ವಾದಿ?”

“ನೀ ಸುಳ್ಳ ಹೇಳಾಕತ್ತಿದ್ರ ನನಗ ಒಂದಿನದ ತಿರಗಾಟ ಆಗತಿತ್ತು, ಅಷ್ಟ. ಖರೇ ಇದ್ದು ನಾ ಕರ್ಕೊಂಡ್ ಹೋಗಿದ್ದಿಲ್ಲಂದ್ರ?” ಅವ್ವ ಒಂದು ಅರಿವೆಯನ್ನು ಜಾಡಿಸಿ ಮಡಿಚಿದಳು. “ತೂಗು, ಕೂಸ ಎದ್ದೀತು.”

ಅಂದು ನನಗೆ ಬಂದ ಸಿಟ್ಟು ಇಳಿಯಲು ಎಷ್ಟೋ ವರ್ಷ ಹಿಡಿಯಿತು. ನಂಬಿದವಳು ಎಂದು ನಾನು ಲೆಕ್ಕ ಹಿಡಿದಿದ್ದವಳು ಅವಳೊಬ್ಬಳೇ. ಅನುಮಾನವನ್ನು ಮಡಿಲಲ್ಲಿ ಕಟ್ಟಿಕೊಂಡೇ ಗಂಡನಿಗೆ ಸುಳ್ಳು ಹೇಳಿ, ಗುರುತಿಲ್ಲದ ಊರಿನಲ್ಲಿ ಬಸ್ಸಿಳಿದವಳು ನಂಬಿದವಳಿಗಿಂತ ದೊಡ್ಡವಳು ಎಂಬುದು ನನಗೆ ಹೊಳೆದದ್ದು ನಾನೂ ಒಂದು ಹುಡುಗಿಯ ತಾಯಿಯಾಗಿ, ಅವಳ ಹೊಟ್ಟೆನೋವನ್ನು ಬಾಗಿಲಲ್ಲಿ ನಿಂತು ಅನುಮಾನದಿಂದ ನೋಡಿದ ದಿನ. ಅಂದು ತಂಗಡಗಿಯಲ್ಲಿ ಇದಾವುದೂ ತಿಳಿಯದೆ ತೊಟ್ಟಿಲನ್ನು ಸಿಟ್ಟಿನಿಂದ ಜೋರಾಗಿ ತೂಗಿದೆ. ಹಗ್ಗ ಜಂತಿಗೆ ಉಜ್ಜಿ ಕಿರುಗುಟ್ಟಿತು. ಅಡುಗೆಮನೆಯಲ್ಲಿ ಚಹಾ ಕುದಿಯಿತು. ಅವ್ವ ಮತ್ತೇನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಕೇಳಿಸುತ್ತಿತ್ತು.